ದೀಪ ಆರಿಸಿದ ಮೇಲೆ

ಗುಹೆಯ ಟಿಕೆಟ್ ಕೌಂಟರಿನ ಹಿಂದಿನ ಕೋಣೆ
ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಹೊಲಿಗೆ ಯಂತ್ರದ ಮುಂದೆ ಕೂತರೆ ನೀನು ಏಳುವುದೇ ಇಲ್ಲ. ಎಣ್ಣೆ ಹಚ್ಚಿಕೋ ಎಂದರೆ ಹಚ್ಚಿಕೊಂಡೆ ಎಂದು ಸುಳ್ಳು ಬೇರೆ. ನಾನು ಚೆನ್ನಾಗಿದ್ದೇನೆ. ಇವತ್ತಿನಷ್ಟು ಚೆನ್ನಾಗಿ ಈಚೆಗೆ ಎಂದೂ ಇರಲಿಲ್ಲ.

ನಿನ್ನ ಗಂಡ ಬಂದಿದ್ದ. ಭಾವ ಎನ್ನಲು ಬಾಯಿ ಬರುವುದಿಲ್ಲ, ಬೈಯಬೇಡ. ನಿನ್ನನ್ನು ಮನೆಯಿಂದ ಹೊರಗೆ ಹಾಕಿದವನು ಮದುವೆಯಾಗಲಿರುವ ಹುಡುಗಿ, ಅವಳ ಅಪ್ಪ ಅಮ್ಮನ ಜೊತೆ ಠಾಕುಠೀಕಾಗಿ ಗುಹೆ ನೋಡಲು ಬಂದಿದ್ದ. ಅವನಿಗೆ ನೆನಪಿರುವುದು ಹಾಸ್ಟೆಲಿನಲ್ಲಿದ್ದ ಎರಡು ಜಡೆಯ ನಾದಿನಿ. ಹೆಲ್ಮೆಟ್ಟು ಹಾಕಿದ ಗೈಡಿನ ಮುಖ ಅವನೇಕೆ ನೋಡುತ್ತಾನೆ? ನನ್ನ ದನಿಯೂ ಮೈಕಿನಲ್ಲಿ ಕರಕರ ಎನ್ನುತ್ತದೆ. ಹುಡುಗಿಯ ಅಮ್ಮನಿಗೆ ಹೆಲ್ಮೆಟ್ಟು ಬಿಗಿಯುತ್ತಿದ್ದಾಗ ಆಕೆ ಮೆಲ್ಲಗೆ ಹೇಳಿದರು: "ಪಾಪ, ಮೊದಲನೇ ಹೆಂಡ್ತಿ ತೀರ್ಕೊಂಡ ಮೇಲೆ ಎಲ್ಲಿಗೂ ಹೋದವರೇ ಅಲ್ಲ."

ನನ್ನ ಮೈಯೆಲ್ಲ ಉರಿಯಿತು. ಅಲ್ಲೇ ಅವನ ಜನ್ಮ ಜಾಲಾಡಿಬಿಡಬಹುದಿತ್ತು. ಆದರೆ ಇವಳಿಗೆ ತಲೆ ಕೆಟ್ಟಿದೆ ಎಂದು ನುಣುಚಿಕೊಳ್ಳುತ್ತಿದ್ದ. ನಿಜ ಅವನ ಬಾಯಿಂದಲೇ ಬರಬೇಕಿತ್ತು. ಅದಕ್ಕೇ ನಗುನಗುತ್ತ ಸುಣ್ಣಕಲ್ಲಿನ ಕಂಬಗಳನ್ನೆಲ್ಲ ತೋರಿಸಿದೆ. ಮುಟ್ಟಬೇಡಿ ಎಂದದ್ದನ್ನೆಲ್ಲ ಅವನು ಮುಟ್ಟಿದ, ಹಳೇ ಚಾಳಿ.

ಒಳಗಿನ ದೊಡ್ಡ ಕೋಣೆಯಲ್ಲಿ ಪ್ರತಿ ಗುಂಪಿಗೂ ದೀಪ ಆರಿಸಿ, ನಿಜವಾದ ಕತ್ತಲೆ ಹೇಗಿರುತ್ತದೆಂದು ತೋರಿಸುತ್ತೇವೆ. ಅವನನ್ನು ಸ್ವಿಚ್ಚಿನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದೆ. ಇವತ್ತು ದೀಪದ ಜೊತೆ ಮೈಕನ್ನೂ ಆರಿಸಿದೆ. ಫೋನಿನಲ್ಲಿ ನನ್ನ ದನಿಯನ್ನು ನಿನ್ನದೆಂದುಕೊಂಡು ಅವನು ಎಷ್ಟು ಸಲ ಬೈದಿಲ್ಲ? ಅವನು ಕೆಲಸಕ್ಕೆ ಹೊರಡುವಾಗ ನೀನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಾಗೆಯೇ ಕೇಳಿದೆ: "ರೀ, ಬೀಗದ ಕೈ ತಗೊಂಡ್ರಾ?"

ಕತ್ತಲಲ್ಲಿ ಅವನ ಜೇಬಿನ ಗೊಂಚಲು ಝಣ್ ಎಂದಿತು. ಹಿಂದೆಯೇ ಮಾತು ಬಂತು: "ನೀನ್ಯಾಕೆ ಇಲ್ಲಿಗೆ ಬಂದೆ? ಡೈವೋರ್ಸ್ ಆಗೋವರೆಗೂ ಈ ಕಡೆ ತಲೆ ಹಾಕ್ಬೇಡ ಅಂದಿರ್ಲಿಲ್ವಾ?"

ಗುಹೆಯಲ್ಲಿ ಮಾತು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಗೋಡೆಗಳು ಅದನ್ನು ಇನ್ನೊಮ್ಮೆ ಹೇಳಿದವು. ದೀಪ ಹಾಕಲು ನಾನೇನೂ ಅವಸರ ಮಾಡಲಿಲ್ಲ. ಹಾಕಿದಾಗ ಹುಡುಗಿ ಅವನ ತೋಳಿನಿಂದ ಕೈ ತೆಗೆದಿದ್ದಳು. ಮುಂದಿನ ಮೆಟ್ಟಿಲು ಜಾರುತ್ತದೆ, ನೋಡಿಕೊಂಡು ನಡೆಯಿರಿ ಎಂದು ಮೈಕಿನಲ್ಲಿ ಹೇಳಿದೆ.

ಹೋಗಲಿ ಬಿಡು ಎನ್ನುತ್ತೀಯ, ಗೊತ್ತು. ಇಷ್ಟು ದಿನ ನಿನ್ನ ಮಾತಿಗೆ ಕಟ್ಟುಬಿದ್ದು ಬಿಟ್ಟಿದ್ದೆ. ಬದುಕಿರುವ ನನ್ನ ಅಕ್ಕನನ್ನು ಸತ್ತಳೆಂದವನನ್ನು ಹೇಗೆ ಬಿಡಲಿ? ನನಗೆ ಹೊಟ್ಟೆ ತುಂಬ ಖುಷಿಯಾಗಿದೆ.

ಪಕ್ಕದ ಮನೆ ಅಜ್ಜಿಗೆ ನಮಸ್ಕಾರ ಹೇಳು. ನೀನು ನೂರು ವರ್ಷ ಬಾಳು, ಅವನು ನೋಡಲಿ.

ನಿನ್ನ ತಂಗಿ,
ಮೊಂಡಿ

ಮರೆತೆ: ಹೆಲ್ಮೆಟ್ಟು ವಾಪಸು ಕೊಡುವಾಗ ಹುಡುಗಿಯ ಅಪ್ಪ, ಆ ದನಿ ನಿಮ್ಮದೇ ತಾನೆ, ಅವರ ಹೆಂಡತಿ ಎಲ್ಲಿದ್ದಾರೆ ಎಂದು ಕೇಳಿದರು. ನಿನ್ನ ವಿಳಾಸ ಕೊಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಅವನನ್ನೂ ಕರೆದುಕೊಂಡೇ ಬರುತ್ತಾರಂತೆ. ನೀನು ಏನೂ ಹೇಳುವುದು ಬೇಡ. ಆದರೆ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡಿರು ಅಕ್ಕಾ, ಬಾಗಿಲು ನೀನೇ ಎದ್ದು ತೆಗೆಯಬೇಕು.