ಅರ್ಧ ಕಚ್ಚಿದ ರೊಟ್ಟಿ

ಮರ್ಗಿಲಾನ್, ಜುಲೈ ೧೯, ಸೋಮವಾರ

ನನ್ನ ಗಂಡ ಕೊರೋನಾದಲ್ಲಿ ತೀರಿಕೊಂಡು ತಿಂಗಳಾದ ಮೇಲೆ ಅದರ ಲಸಿಕೆ ನಮ್ಮ ಕೇರಿಗೆ ಬಂತು. ಈಗ ಬಂತು!

ನಮ್ಮಲ್ಲಿ ದೂರ ಹೊರಟವರೆಲ್ಲ ಮಾಡುವಂತೆ, ಆಸ್ಪತ್ರೆಗೆ ಹೋಗುವಾಗ ಅವರೂ ರೊಟ್ಟಿ ಕಚ್ಚಿಟ್ಟು, "ಉಳಿದದ್ದು ಬಂದು ತಿಂತೀನಿ" ಅಂದಿದ್ದರು. ಅದಿನ್ನೂ ಗೋಡೆಯ ಮೊಳೆಯಲ್ಲೇ ಇದೆ.

"ಆ ಸೂಜಿ ಚುಚ್ಚಿಸ್ಕೊಂಡೋರು ವರ್ಷದೊಳಗೆ ಸಾಯ್ತಾರಂತೆ" ಎಂದು ಪಕ್ಕದ ಮನೆಯ ಹಮ್ರೊ ಇವತ್ತೂ ಹೆದರಿಸಿದಳು.

"ಚುಚ್ಚಿಸ್ಕೊಳ್ದೇನೇ ನನ್ನ ಮಗ ಹೋದ್ನಲ್ಲೇ" ಎಂದರು ಅತ್ತೆ.

ಆದರೂ ಲಸಿಕೆಗೆ ಹೋಗುವಾಗ ಹೊಸ್ತಿಲಲ್ಲಿ ಅವರಿಗೆ ಧೈರ್ಯ ಸಾಲಲಿಲ್ಲ. ಆ ರೊಟ್ಟಿಯನ್ನೇ ಇಳಿಸಿ, ಮಗ ಕಚ್ಚಿರದ ಕಡೆ ತಾವೊಂದು ಚೂರು ಕಚ್ಚಿಟ್ಟು ಹೊರಟರು.

ಸಂಜೆ ತೋಳು ನೋವೆಂದು ಗೊಣಗುತ್ತ ಬಂದವರು ಕಲ್ಲಾಗಿದ್ದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಅದ್ದಿ ತಿಂದರು. ಮಗನ ಹಲ್ಲಿನ ಗುರುತು ಹತ್ತಿರ ಬಂದಾಗ ನಿಲ್ಲಿಸಿದರು.

"ಇದು ಅವ್ನ ಪಾಲು" ಎಂದು ಮತ್ತೆ ಮೊಳೆಗೆ ಸಿಕ್ಕಿಸಿದರು.