ನಾಲ್ಕು ಬೆರಳು ನೀರು ಮತ್ತು ನಿಮ್ಮ ಕಬ್ಬಿಣದ ಬೀರು

ಮಾನ್ಯ ಜಿಲ್ಲಾ ಶಿಕ್ಷಣಾಧಿಕಾರಿಗಳೇ,

ನೀವು ತಪ್ಪು ಮಾಡಿದವರನ್ನು ಬಿಟ್ಟು ಬೇರೆಯವರಿಗೆ ಶಿಕ್ಷೆ ಕೊಟ್ಟಿದ್ದೀರಿ. ನಮ್ಮೂರಿನ ಮೂರನೇ ತರಗತಿಯ ಶಿಕ್ಷಕಿ, ಊರೆಲ್ಲ ಅಕ್ಕ ಎನ್ನುವಂತೆ 'ಎಜೆ' ಎಂದು ಕರೆಯುವ ಜಿಪಾರ್ ಎಜೆಯವರು, ಮಕ್ಕಳ ಹೆಸರಿನಲ್ಲಿ ದೊಡ್ಡವರಿಂದ ಪ್ರಾಜೆಕ್ಟ್ ಮಾಡಿಸಿ ಜಿಲ್ಲೆಯ ಮಾನ ಕಳೆದರೆಂದು ಛೀಮಾರಿ ಪತ್ರ ಬರೆದಿರಿ. ಪ್ರಾಥಮಿಕ ತರಗತಿಗಳಿಗೆ ಇನ್ನು ಪ್ರಾಜೆಕ್ಟ್ ಬೇಡವೆಂದಿರಿ. ಹನ್ನೆರಡು ಟ್ಯಾಬ್ಲೆಟ್‌ಗಳನ್ನು ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಬೀರುವಿನಲ್ಲಿಡಿಸಿ ಬೀಗ ಜಡಿಸಿದಿರಿ. ಮೂವತ್ತಾರು ಮಕ್ಕಳು ಕಲಿಯಬೇಕಾದ್ದನ್ನು ಈಗ ಆ ಬೀರು ಒಂದೇ ಕಲಿಯುತ್ತಿದೆ. ವರ್ಷಾಂತ್ಯಕ್ಕೆ ಅದನ್ನೇ ಪರೀಕ್ಷೆಗೆ ಕೂರಿಸುತ್ತೀರಾ?

ನಿಮ್ಮ ಪತ್ರದಲ್ಲಿ ಬರುವ ಆ 'ದೊಡ್ಡವರು' ನಾನು.

ನಾನು ಯಾರೆಂದು ಈ ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಊರ ಶಾಲೆಯಲ್ಲಿ ಎಂಟು ತರಗತಿ ಓದಿದವನು. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಬರೀ ಚಹಾ ಚಮಚದಿಂದ ರಿಪೇರಿ ಮಾಡಿ ಇಳಿಸಿದ್ದೇನೆ. (ಪ್ರತಿ ಸಲ ಹೇಳುವಾಗಲೂ ಚಮಚ ಒಂದಿಷ್ಟು ಚಿಕ್ಕದಾಗುತ್ತದೆ, ಅದು ಬೇರೆ ಮಾತು.) ಇಂಥವನ ತಂಗಿಯ ಮಗಳು, ಒಂಬತ್ತು ವರ್ಷದ ಬೇಗಿಮಾಯ್, ಜಿಲ್ಲಾ ಸ್ಪರ್ಧೆಗೆ ಒಂದು ಕೋಲು ಹಿಡಿದು ಹೊರಟಿದ್ದಳು. ಬರೀ ಕೋಲು! ಮೈಮೇಲೆ ಬೆರಳಗಲದ ಗೆರೆಗಳು, ಅಷ್ಟೇ. ಊರಿನಲ್ಲಿ ಒಂದು ಪ್ರಶ್ನೆ ಹುಡುಕಿ, ಅಳೆಯಿರಿ, ಕಾರಣ ಪತ್ತೆಮಾಡಿ ಎಂದು ಎಜೆ ಹೇಳಿದ್ದರಂತೆ. ಸೆಪ್ಟೆಂಬರಿನಿಂದ ಐದು ವಾರ, ದಿನವೂ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಇವಳು ಮನೆ ಮುಂದಿನ ಕಾಲುವೆಯಲ್ಲಿ ಆ ಕೋಲು ನಿಲ್ಲಿಸಿ ಟ್ಯಾಬ್ಲೆಟ್‌ನಲ್ಲಿ ಫೋಟೋ ತೆಗೆದಿದ್ದಳು.

"ಏನೇ ಇದು? ಕುರಿ ಕಾಯೋಕೆ ಹೊರಟಿದ್ದೀಯಾ?" ಎಂದೆ.

"ನಗ್ಬೇಡಿ ತಯಾಕೆ," ಎಂದಳು. ಸೋದರಮಾವನನ್ನು ಕರೆಯುವ ಆ ಮಾತನ್ನು ಅವಳ ಬಾಯಲ್ಲಿ ಕೇಳಬೇಕು ನೀವು. "ಗುರುವಾರ ಬಂದ್ರೆ ಸಾಕು, ನೀರು ನಾಲ್ಕು ಬೆರಳು ಇಳಿದಿರತ್ತೆ. ಬೇರೆ ದಿನ ಇಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ. ಕಾಲುವೆ ಹಿಡಿದು ಮೇಲೆ ಹೋಗಿ ನೋಡು ಅಂದಿದಾರೆ ಎಜೆ."

"ನೀರು ಅಂದ್ಮೇಲೆ ಏರತ್ತೆ, ಇಳಿಯತ್ತೆ. ಬಹುಮಾನ ಬರೋ ಅಂಥದ್ದು ಮಾಡೋಣ, ಬಿಡು."

"ಅಣ್ಣಾ, ಮಗು ಹೋಂವರ್ಕು ಮಗೂನೇ ಮಾಡ್ಲಿ," ಎಂದಳು ತಂಗಿ ಬುರುಲ್. ನಾನು ಯಾರ ಮಾತು ಕೇಳುವವನು?

ನಮ್ಮಲ್ಲಿ ಅಶರ್ ಎಂಬುದುಂಟಲ್ಲ, ಒಬ್ಬನ ಮನೆಗೆ ಗೋಡೆ ಎಬ್ಬಿಸಲು ಕೇರಿಯೆಲ್ಲ ಬಂದು ಮಣ್ಣು ತುಳಿಯುವುದು, ಬಂದವರಿಗೆ ಮನೆಯವರು ಹೊಟ್ಟೆ ತುಂಬ ಉಣಿಸುವುದು. ನಿಮ್ಮ ಮನೆಯೂ ಹಾಗೇ ಎದ್ದಿರಬೇಕು. ನಾನು ಮೂರನೇ ತರಗತಿಯ ಹೋಂವರ್ಕಿಗೆ ಅಶರ್ ಕರೆದೆ! ಬೆಸುಗೆಯವನು ಬಂದ, ಮೊಬೈಲ್ ರಿಪೇರಿಯವನು ಬಂದ, ಕಂಬಳಿ ಹೊಲಿಯುವ ಹೆಂಗಸರು ಬಂದರು. ಕುರಿ ಕಡಿದೆವು. ಸಂಜೆಯೊಳಗೆ ಮೊಣಕಾಲೆತ್ತರದ ಉಣ್ಣೆಗುಡಾರ ಸಿದ್ಧ. ಒಳಗೆ ದೀಪ, ಮೇಲೆ ನಾಲ್ಕು ಹನಿ ಬಿದ್ದರೆ ಹೊಗೆಕಂಡಿ ತಾನೇ ಮುಚ್ಚಿಕೊಳ್ಳುತ್ತದೆ. 'ಬುದ್ಧಿವಂತ ಗುಡಾರ' ಎಂದು ಹೆಸರಿಟ್ಟವನೂ ನಾನೇ. ಬೇಗಿಮಾಯ್ ಎಲ್ಲರಿಗೂ ಚಹಾ ಬಗ್ಗಿಸಿದಳು. ಸೌದೆ ಸಾಲದಾದಾಗ ನಾನು ಆ ಕೋಲನ್ನು ಮುರಿದು ಚಹಾ ನೀರು ಕಾಯಿಸುವ ಸಮೋವರಿನ ಒಲೆಗೆ ತುರುಕಿದೆ. ಅವಳು ನೋಡುತ್ತಲೇ ಇದ್ದಳು.

ಜಿಪಾರ್ ಎಜೆ ಬೇಡವೆಂದರು ಸ್ವಾಮೀ, ಇದನ್ನು ಬರೆದಿಟ್ಟುಕೊಳ್ಳಿ. "ನನಗೆ ಕೋಲೇ ಬೇಕು" ಎಂದರು. ಅವರ ಮಾತು ಮುಗಿಯುವುದರೊಳಗೆ ಮುಖ್ಯೋಪಾಧ್ಯಾಯರು ಗುಡಾರವನ್ನು ವ್ಯಾನಿಗೆ ಏರಿಸಿಯಾಗಿತ್ತು. ಜಿಲ್ಲಾ ಸ್ಪರ್ಧೆಯಲ್ಲಿ ನೀವೇ ಅದರ ಮೇಲೆ ಮೂರು ಸಲ ನೀರು ಚಿಮುಕಿಸಿ, ಮೂರು ಸಲವೂ ಚಪ್ಪಾಳೆ ತಟ್ಟಿದಿರಿ. ಹುಡುಗಿಯ ಕೆನ್ನೆ ತಟ್ಟಿ ಫೋಟೋ ತೆಗೆಸಿಕೊಂಡಿರಿ. ಅವಳಿಗೆ ಒಂದಾದರೂ ಪ್ರಶ್ನೆ ಕೇಳಿದಿರಾ? ಪ್ರಶ್ನೆ ಕೇಳುವುದನ್ನು ಕಲಿಸಲೆಂದೇ ಇಟ್ಟ ಸ್ಪರ್ಧೆಯಲ್ಲಿ ಅಷ್ಟು ಜನರಲ್ಲಿ ಒಬ್ಬರಿಗೂ ಒಂದು ಪ್ರಶ್ನೆ ಹುಟ್ಟಲಿಲ್ಲವೇ?

ಪ್ರಶ್ನೆ ಬಂದದ್ದು ನಾರಿನ್ ನಗರದಲ್ಲಿ, ಮುಂದಿನ ಸುತ್ತಿನಲ್ಲಿ. ವಯಸ್ಸಾದ ತೀರ್ಪುಗಾರ್ತಿಯೊಬ್ಬರು ಬಗ್ಗಿ, "ಇದ್ರಲ್ಲಿ ನೀನು ಏನು ಮಾಡ್ದೆ ಮರಿ?" ಎಂದರು.

"ಚಹಾ ಕೊಟ್ಟೆ."

ಸಭೆ ಗೊಳ್ಳೆಂದಿತು. ಮೊದಲು ನಕ್ಕವನು ನಾನೇ. ಉತ್ತರ ಸಾಲಲಿಲ್ಲವೇನೋ ಎಂದುಕೊಂಡು ಮಗು ಮುಂದುವರಿಸಿತು: "ಎಲ್ರಿಗೂ ಕೊಟ್ಟೆ. ಬೆಸುಗೆಯವ್ರಿಗೆ ಮೂರು ಸಲ ಕೊಟ್ಟೆ."

ಆಮೇಲೆ ನನಗೆ ನಗಲಾಗಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆಯೇ ತಿರುಗಿ ಕುಳಿತಿದ್ದಳು. ಅಂದಿನಿಂದ ಯಾರನ್ನೂ ಏನನ್ನೂ ಕೇಳುವುದಿಲ್ಲ. 'ಯಾಕೆ' ಎಂದು ತಲೆ ತಿನ್ನುತ್ತಿದ್ದ ಹುಡುಗಿ ಈಗ ಹೇಳಿದ್ದಕ್ಕೆಲ್ಲ 'ಹೂಂ' ಎನ್ನುತ್ತಾಳೆ.

ಎಜೆಯವರು ನಿಮಗೆ ಕೊಟ್ಟ ಉತ್ತರದಲ್ಲಿ ನನ್ನ ಹೆಸರಿಲ್ಲ. ತರಗತಿ ನನ್ನದು, ಹೊಣೆಯೂ ನನ್ನದು ಎಂದಷ್ಟೇ ಬರೆದರು. ಅಂಗಡಿಯ ಹತ್ತಿರ ಸಿಕ್ಕಾಗ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ಸೊವೆತ್‌ಬೆಕ್ ಅಣ್ಣ, ಆ ಕೋಲು ಇದೆಯಾ ಇನ್ನೂ?" ಎಂದರು. ನಾನು ಬ್ರೆಡ್ಡು ಕೊಳ್ಳದೆ ಮನೆಗೆ ಬಂದೆ.

ಈಗ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಗುರುವಾರ ನಮ್ಮ ನೀರುಗಂಟಿ ದನದ ಸಂತೆಗೆ ಹೋಗುತ್ತಾನೆ. ಅವನು ಮರೆಯಾದ ಕೂಡಲೇ ಮೇಲಿನ ತೂಬಿನ ಹಲಗೆ ಎತ್ತಿ, ಮಧ್ಯಾಹ್ನದವರೆಗೆ ನನ್ನ ಕುದುರೆಮೆಂತೆ ಮೇವಿನ ಹೊಲಕ್ಕೆ ನೀರು ತಿರುಗಿಸಿಕೊಳ್ಳುವವನು ನಾನು. ಹನ್ನೊಂದು ವರ್ಷದಿಂದ ನಡೆದಿದೆ. ಊರ ಸಮಿತಿಗೆ ಗೊತ್ತಾಗಲಿಲ್ಲ, ನೆರೆಯವರಿಗೆ ಗೊತ್ತಾಗಲಿಲ್ಲ, ಬುರುಲ್‌ಗೂ ಗೊತ್ತಾಗಲಿಲ್ಲ. ಅವಳ ಆಲೂಗಡ್ಡೆಯೂ ಅದೇ ಕಾಲುವೆಯ ನೀರು ಕುಡಿದು ಬೆಳೆಯಬೇಕು. ಒಂಬತ್ತು ವರ್ಷದ ಹುಡುಗಿ ಒಂದು ಕೋಲು, ಒಂದು ಟ್ಯಾಬ್ಲೆಟ್ ಹಿಡಿದು ಐದೇ ವಾರದಲ್ಲಿ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಳು. ಇನ್ನೊಂದು ಗುರುವಾರ ಬಿಟ್ಟಿದ್ದರೆ ಕಾಲುವೆ ಹಿಡಿದು ಮೇಲೆ ಬರುತ್ತಿದ್ದಳು. ಅಶರ್ ಕರೆದದ್ದು ಬರೀ ಅವಳ ಮೇಲಿನ ಪ್ರೀತಿಗೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸೌದೆ ಸಾಲದಿದ್ದದ್ದೂ ಸುಳ್ಳು. ಗೋಡೆಯ ಪಕ್ಕ ಎದೆಯೆತ್ತರ ಪೇರಿಸಿತ್ತು.

ಸಣ್ಣ ಮಕ್ಕಳು ಪ್ರಾಜೆಕ್ಟ್ ಮಾಡಲಾರರೆಂದು ನಿಮ್ಮ ಆದೇಶ ಹೇಳುತ್ತದೆ. ಮಾಡಿದ್ದಳು ಸ್ವಾಮೀ. ತೀರಾ ಚೆನ್ನಾಗಿ ಮಾಡಿದ್ದಳು. ಅದಕ್ಕೇ ನಾನು ಸುಟ್ಟೆ.

ಆದ್ದರಿಂದ ಆ ಛೀಮಾರಿ ಪತ್ರವನ್ನು ಎಜೆಯವರಿಂದ ವಾಪಸು ಪಡೆದು ನನ್ನ ಹೆಸರಿಗೆ ಬರೆಯಿರಿ. ಬೀರುವಿನ ಬೀಗ ತೆಗೆಸಿ. ಕೋಲು ಬೂದಿಯಾಯಿತು, ಫೋಟೋಗಳು ಆಗಿಲ್ಲ. ಏಳನೇ ನಂಬರಿನ ಟ್ಯಾಬ್ಲೆಟ್‌ನಲ್ಲಿ ಐದು ವಾರದ್ದೂ ಇವೆ. ಅದನ್ನು ಬೇಗಿಮಾಯ್ ಕೈಗೆ ಕೊಟ್ಟು, ಊರವರನ್ನೆಲ್ಲ ಶಾಲೆಯಲ್ಲಿ ಸೇರಿಸಿ, ಅವಳಿಂದಲೇ ಹೇಳಿಸಿ. ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅಂದು ಚಹಾ ಬಗ್ಗಿಸುವವನೂ ನಾನೇ.

ಕಾಲುವೆ ಈಗ ಹೆಪ್ಪುಗಟ್ಟಿದೆ. ವಸಂತಕ್ಕೆ ನೀರು ಬಿಡುವುದರೊಳಗೆ ಇದಾಗಬೇಕು. ಹೊಸ ಕೋಲೊಂದನ್ನು ಕಡಿದು ತಂಗಿಯ ಮನೆ ಬಾಗಿಲಿಗೆ ಒರಗಿಸಿ ಬಂದಿದ್ದೇನೆ. ಗೆರೆ ಹಾಕಿಲ್ಲ. ಅದನ್ನು ಅವಳೇ ಹಾಕಲಿ. ವಸಂತದ ಮೊದಲ ಗುರುವಾರ ನೀರು ಇಳಿಯದೆ ನಿಂತರೆ, ಅದು ಯಾಕೆಂದು ಅವಳು ಕೇಳಬೇಕು.

ಇಂತಿ,
ಮೂರನೇ ತರಗತಿಯ ಪ್ರಾಜೆಕ್ಟನ್ನು ಐವತ್ತೆಂಟನೇ ವಯಸ್ಸಿನಲ್ಲಿ ಮಾಡಿ ನಪಾಸಾದ
ಬೇಗಿಮಾಯ್‌ಳ ತಯಾಕೆ,
ಸೊವೆತ್‌ಬೆಕ್