ಆಸ್ಕರ್ ಬಾಯಿ ಬಿಡದ ದಿನಗಳು

ಫೆಬ್ರವರಿ ೧೭, ೧೯೮೧. ಮಂಗಳವಾರ, ಬೆಳಿಗ್ಗೆ ೯-೩೦

ಇವತ್ತೂ ಇಲ್ಲ. ಲೆಕ್ಕದ ಪ್ರಕಾರ ೮-೫೨ಕ್ಕೆ ನಮ್ಮ ಐವರ್ನಾಡು ಶಾಲೆಯ ಮೇಲೆ ಬರಬೇಕು. ಏಳು ಹುಡುಗಿಯರು ಲ್ಯಾಬಿನಲ್ಲಿ ಪೆನ್ಸಿಲ್ ಹಿಡಿದು ಕಾದದ್ದೇ ಬಂತು. ರೇಡಿಯೋ ರಿಸೀವರಿನಲ್ಲಿ ಬರೀ ಭುಸ್ಸೆನ್ನುವ ಸದ್ದು.

ಹೆಡ್‌ಮಾಸ್ಟರ್ ಸರ್ವೋತ್ತಮ ರಾಯರು ಕಿಟಕಿಯಲ್ಲಿ ಇಣುಕಿ, “ಎಂತ ಟೀಚರೆ, ನಿಮ್ಮ ಆಸ್ಕರಿಗೆ ಇವತ್ತೂ ರಜೆಯಾ?” ಅಂದರು. ಮೈ ಉರಿಯಿತು. ಅದು ಸರಕಾರದ ಉಪಗ್ರಹ ಅಲ್ಲ, ಹ್ಯಾಮ್ ರೇಡಿಯೋ ಹವ್ಯಾಸಿಗಳು ಕೈಯಾರೆ ಕಟ್ಟಿದ್ದು, ಮೂರು ವರ್ಷ ಬಾಳಿದರೆ ಸಾಕು ಅಂದುಕೊಂಡದ್ದಕ್ಕೆ ಈಗ ಏಳನೇ ವರ್ಷ, ಬ್ಯಾಟರಿ ಸೋಲುತ್ತಿದೆ — ಎಲ್ಲ ಹೇಳಿದೆ.

“ಹಾಗಾದ್ರೆ ಪಿಂಚಣಿ ಕೊಟ್ಟು ಕಳಿಸಿ ಮಾರಾಯ್ರೆ.”

ಇವರಿಗೆ ಹೇಳಲು ಹೋದ ನನಗೆ ಬುದ್ಧಿ ಇಲ್ಲ.

ಫೆ. ೨೦, ಶುಕ್ರವಾರ

ಬಂತು! ಅದೂ ಬರಬಾರದ ದಿನ. ಒಂದು ದಿನ ಎ ಮೋಡ್ ಎಂಬ ತರಂಗದಲ್ಲಿ ಮಾತು, ಮರುದಿನ ಬಿಯಲ್ಲಿ — ಅದರ ಪದ್ಧತಿ. ನಮ್ಮ ರಿಸೀವರಿಗೆ ಎ ಮಾತ್ರ ಕೇಳುವುದು. ಇವತ್ತು ಬಿ ಇರಬೇಕಿತ್ತು. ಅದರಷ್ಟಕ್ಕೇ ಬದಲಿಸಿಕೊಂಡಿದೆ. ಮೊದಲು ನಾಲ್ಕು ಚುಕ್ಕಿ, ಎರಡು ಚುಕ್ಕಿ — ಮೋರ್ಸ್ ಸಂಕೇತದಲ್ಲಿ ‘ಹಾಯ್’. ಆಮೇಲೆ ಅಂಕಿಗಳು. ಅದರ ಮೈಬಿಸಿ, ಬ್ಯಾಟರಿಯ ಗತಿ, ಎಲ್ಲ. ಒಂಬತ್ತನೆಯ ಕ್ಲಾಸಿನ ಚೆನ್ನು ಒಂದೂ ಬಿಡದೆ ಬರೆದಳು.

ಸುಳ್ಯ ಪೇಟೆಯ ರೇಡಿಯೋ ಅಂಗಡಿಯ ಯೂಸುಫರು ಇದ್ದದ್ದು ಒಳ್ಳೆಯದಾಯಿತು. ರಿಸೀವರ್ ಕಟ್ಟಿಕೊಟ್ಟವರೇ ಅವರು. ಗಲ್ಫಿನಿಂದ ಬಾವ ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದುಕೊಂಡರು.

ಆದರೂ ಸಿಟ್ಟು. ಬರುವುದಾದರೆ ಹೇಳಿದ ದಿನ ಬಾ!

ಫೆ. ೨೭

ಶಾಲಾ ಕಮಿಟಿಯ ಅಧ್ಯಕ್ಷ ಜತ್ತಪ್ಪ ರೈಗಳ ಅಪ್ಪಣೆ. ಶಾಲೆಯ ಹೆಂಚಿನ ಮಾಡಿನ ಮೇಲಿನ ನಮ್ಮ ಆಂಟೆನಾ ಕಂಬ ಸಿಡಿಲು ಎಳೆಯುತ್ತದಂತೆ.

“ಹದಿಮೂರಕ್ಕೆ ಕಮಿಟಿ ಬರ್ತದೆ. ನಮ್ಮ ಕಿವಿಗೆ ಕೇಳ್ಬೇಕು. ಕೇಳಿದ್ರೆ ಕಂಬ ಇರ್ಲಿ. ಇಲ್ಲದಿದ್ರೆ ತೆಗೆಯುದು, ಅಷ್ಟೇ.”

ಅವರ ಮನೆ ಹಿಂದಿನ ತೆಂಗಿನಮರ ಕಂಬದ ಮೂರು ಪಾಲು ಎತ್ತರ ಉಂಟು. ಅದಕ್ಕೆ ನೋಟೀಸಿಲ್ಲ! ಕಂಬ ಹೋದರೆ ನನ್ನ ಹುಡುಗಿಯರು ಪುನಃ ಪುಸ್ತಕದ ಚಿತ್ರ ನೋಡಿಯೇ ವಿಜ್ಞಾನ ಕಲಿಯಬೇಕು. ಈ ಊರಲ್ಲಿ ಅವರಿಗಾಗಿ ಅಂತ ಇದ್ದದ್ದು ಇದೊಂದೇ.

ಮಾರ್ಚ್ ೧೨

ಹದಿಮೂರು ದಿನದಲ್ಲಿ ಒಮ್ಮೆಯೂ ಸರಿಯಾಗಿ ಸಿಕ್ಕಿಲ್ಲ. ಒಮ್ಮೆ ಎರಡೇ ಅಂಕಿ ಹೇಳಿ ಸುಮ್ಮನಾಯಿತು...

ಯೂಸುಫರ ಉಪಾಯ: “ಟೇಪ್ ಹಾಕುವ ಟೀಚರೆ. ಅವರಿಗೆ ಎಂತ ಗೊತ್ತಾಗ್ತದೆ? ಆಸ್ಕರಿನದ್ದೇ ಶಬ್ದ ಅಲ್ವಾ? ನಾವೇನು ಕದ್ದದ್ದಾ?”

“ಹಾಗಾದ್ರೆ ಹೋದ ವರ್ಷದ ಹಾಜರಿ ಈ ವರ್ಷಕ್ಕೆ ಹಾಕ್ಲಾ?” ಅಂದೆ.

ಟೇಪ್ ರೆಕಾರ್ಡರ್ ಎತ್ತಿಕೊಂಡು ಹೋದರು. ಒಳ್ಳೆಯದಕ್ಕೇ ಹೇಳಿದ್ದು, ಗೊತ್ತು. ಆದರೂ ಅವರು ಹಾಗೆ ಹೇಳಬಾರದಿತ್ತು.

ಮಾರ್ಚ್ ೧೩, ಶುಕ್ರವಾರ. ಮಧ್ಯಾಹ್ನ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಐದು ಜನ ಕಮಿಟಿಯವರು. ರಿಸೀವರಿನ ಹತ್ತಿರ ಯೂಸುಫರು. ಇವತ್ತು ಎ ದಿನ, ಬರಬೇಕಾದ ಹೊತ್ತು ೮-೫೮ ಆಯಿತು. ಒಂಬತ್ತು, ಒಂಬತ್ತೂ ಐದು. ಭುಸ್ಸ್. ರೈಗಳು ಆಕಳಿಸಿದರು. ನಾನು ಕಿಟಕಿಯ ಹತ್ತಿರ ಹೋಗಿ ಸುಮ್ಮನೆ ಆಕಾಶ ನೋಡಿದೆ. ಅಷ್ಟರಲ್ಲಿ — ನಾಲ್ಕು ಚುಕ್ಕಿ, ಎರಡು ಚುಕ್ಕಿ! ಎಲ್ಲರೂ ಚಪ್ಪಾಳೆ. ರೈಗಳು “ಭೇಷ್ ಟೀಚರೆ!” ಅಂದರು. ನನಗೆ ಅಳುವೇ ಬಂತು, ಖುಷಿಗೆ.

ಮೂರನೇ ಅಂಕಿಗೆ ಗೊತ್ತಾಯಿತು. ಫೆಬ್ರವರಿ ಇಪ್ಪತ್ತರ ಅಂಕಿಗಳು. ಯೂಸುಫರ ಒಂದು ಕೈ ಮೇಜಿನ ಅಡಿಯಲ್ಲಿ. ಚೆನ್ನು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಏಳೂ ಜನ ನೋಡುತ್ತಿದ್ದರು.

ಸುಮ್ಮನಿದ್ದರೆ ಕಂಬ ಉಳಿಯುತ್ತಿತ್ತು. ಅರ್ಧ ನಿಮಿಷ ಸುಮ್ಮನಿದ್ದೆ ಕೂಡ. ಆ ಅರ್ಧ ನಿಮಿಷಕ್ಕೆ ನನಗೆ ನನ್ನ ಮೇಲೆಯೇ ಹೇಸಿಗೆ.

“ರೈಗಳೇ, ಇದು ಟೇಪ್. ಆಸ್ಕರ್ ಇವತ್ತು ಬರ್ಲಿಲ್ಲ.”

ಅವರು ನಿಧಾನಕ್ಕೆ ಎದ್ದರು. “ಕಂಬ ಬುಧವಾರದೊಳಗೆ ತೆಗೀರಿ.”

ನಿಜ ಹೇಳಿದ್ದಕ್ಕೆ ಒಂದು ಒಳ್ಳೆಯ ಮಾತಿಲ್ಲ. ಸುಳ್ಳಿಗೆ ಮಾತ್ರ ಭೇಷ್!

ಮಾರ್ಚ್ ೧೮, ಬುಧವಾರ. ಬೆಳಿಗ್ಗೆ ೮-೫೫

ಯೂಸುಫರೇ ಬಂದಿದ್ದಾರೆ. “ನಾನು ಹಾಕಿದ ಕಂಬ, ನಾನೇ ತೆಗೀತೇನೆ” — ಅಷ್ಟೇ ಅಂದು ಏಣಿ ಹತ್ತಿದರು. ಮಾಡಿನ ಮೇಲೆ ಸ್ಪ್ಯಾನರಿನ ಸದ್ದು. ಹುಡುಗಿಯರನ್ನು ಪ್ರಾರ್ಥನೆಗೆ ಕಳಿಸಿದೆ, ನೋಡುವುದು ಬೇಡ. ಅಭ್ಯಾಸಬಲ, ರಿಸೀವರ್ ಹಾಕಿದ್ದೇನೆ. ಇವತ್ತು ಬಿ ದಿನ. ಏನೂ ಬರಲಿಕ್ಕಿಲ್ಲ.

೯-೦೧

ನಾಲ್ಕು ಚುಕ್ಕಿ. ಎರಡು ಚುಕ್ಕಿ.

ಟೇಪ್ ಅಲ್ಲ. ಹೊಸ ಅಂಕಿ. ೧೭೧... ೧೪೦... ೧೦೬... ಇಷ್ಟು ಸ್ಪಷ್ಟವಾಗಿ ಎಂದೂ ಕೇಳಿರಲಿಲ್ಲ. ಇವತ್ತೇ ಬರಬೇಕಿತ್ತಾ ನಿನಗೆ, ಪಾಪಿ! ೨೩೮... ಕಂಬ ಇಳಿಸುವುದು ನೋಡಲು ರೈಗಳು ಜಗಲಿಯಲ್ಲೇ ನಿಂತಿದ್ದಾರೆ, ಕರೆದರೆ ಎರಡು ಹೆಜ್ಜೆ... ಇಲ್ಲ, ಮೊದಲು ಯೂಸುಫರನ್ನು ನಿಲ್ಲಿಸಬೇಕು. ೨೫— ಶಬ್ದ ಕುಗ್ಗಿತು. ತಂತಿಯ ಒಂದು ಕೊನೆ ಬಿಚ್ಚಿದರು. ಯೂಸುಫರೇ ಅಂತ ಕಿರುಚಿದೆ, ಸ್ಪ್ಯಾನರ್ ನಿಲ್ಲುವುದಿಲ್ಲ, ಪೆನ್ನು ಬಿಟ್ಟು ಓಡಿ ಹೋಗಿ ಏಣಿ ಹತ್ತಬೇಕು—